ಒಗೆಯೋ ಕಲ್ಲಿನ ಮೇಲಿನ ಬಿಳಿ ಗೆರೆ

ಕೆಲವರ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆದರೆ ಮೊಳೆ ಗೋಡೆಯಲ್ಲಿ ನಿಲ್ಲುತ್ತೆ, ಕತೆ ಅಲ್ಲಿಗೆ ಮುಗೀತು. ನಮ್ಮ ಮನೆಯಲ್ಲಿ ಈ ಕಡೆ ಮೊಳೆ ಹೊಡೆದರೆ ಆ ಕಡೆ ರೂಮಿನಲ್ಲಿ ದೇವರ ಪಟ ಬೀಳುತ್ತೆ. ಪಟ ಎತ್ತೋಕೆ ಹೋದವರು ದೀಪದ ಎಣ್ಣೆ ಚೆಲ್ತಾರೆ. ಎಣ್ಣೆ ಒರೆಸೋಕೆ ಕೈಗೆ ಸಿಕ್ಕಿದ ಬಟ್ಟೆ ಯಾರದೋ ಹೊಸ ಪಂಚೆ ಆಗಿರುತ್ತೆ. ನಾನು ಸೊಸೆಯಾಗಿ ಬಂದ ಹೊಸದರಲ್ಲೇ ಇದು ಗೊತ್ತಾಗಿತ್ತು. ಅಂಥಾ ಮನೆಯವರು ಹಿತ್ತಲಲ್ಲಿ ಶಟಲ್ ಕೋರ್ಟ್ ಹಾಕಿಸೋಕೆ ಹೊರಟರೆ ಏನಾಗಬೇಕೋ ಅದೇ ಆಯಿತು.

ಇದು ತೊಂಬತ್ತರ ದಶಕದ ಮಾತು. ಆಗ ನಮ್ಮ ಮನೆ ಹಲಸೂರು ಮುಗಿದು ಇಂದಿರಾನಗರ ಶುರುವಾಗೋ ಕಡೆ ಇತ್ತು. ಹಿತ್ತಲು ಅಂದರೆ ನಿಜವಾದ ಹಿತ್ತಲು. ಮಧ್ಯಾಹ್ನ ಅಲ್ಲಿ ನಿಂತರೆ ನಮ್ಮ ಮನೆ ಒಗ್ಗರಣೆ ವಾಸನೆ, ಪಕ್ಕದ ಮನೆ ಬಿರಿಯಾನಿ ವಾಸನೆ ಎರಡೂ ಒಟ್ಟಿಗೆ ಬರುತ್ತಿದ್ದವು. ಈಗ ಆ ಜಾಗದಲ್ಲಿ ಯಾವುದೋ ದೊಡ್ಡ ಕಾಫಿ ಅಂಗಡಿ ಬಂದಿದೆ. ನಾವು ಮಹದೇವಪುರದ ಅಪಾರ್ಟ್‌ಮೆಂಟಿಗೆ ಬಂದಾಗ ಆ ಹಿತ್ತಲಿನಿಂದ ಒಂದೇ ಒಂದು ಸಾಮಾನು ತಂದೆವು, ಬಟ್ಟೆ ಒಗೆಯೋ ಕಲ್ಲು. ಬಾಲ್ಕನಿಯಲ್ಲಿ ಅದರ ಮೇಲೆ ತುಳಸಿ ಕುಂಡ ಇಟ್ಟಿದ್ದೀನಿ. ಪ್ರತಿ ಯುಗಾದಿಗೂ ಅದರ ಮೇಲೊಂದು ಸುಣ್ಣದ ಗೆರೆ ಹೊಸದಾಗಿ ಎಳೀತೀನಿ. ಬಂದವರೆಲ್ಲಾ "ಕಲ್ಲಿನ ಮೇಲೆ ಈ ಬಿಳಿ ಪಟ್ಟೆ ಯಾಕ್ರೀ?" ಅಂತ ಕೇಳೇ ಕೇಳ್ತಾರೆ. ಪ್ರತಿ ಸಲ ಹೇಳಿ ಹೇಳಿ ಬಾಯಿ ನೋವು ಬಂದಿದೆ, ಅದಕ್ಕೇ ಒಂದೇ ಸಲ ಬರೆದುಬಿಡ್ತಿದ್ದೀನಿ.

ಪೂರ್ತಿ ಮಾಡಿದ ಒಂದೇ ಕೆಲಸ

ನಮ್ಮ ಮಾವ ವಿಮಾನಪುರದ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರು. ವಿಮಾನದ ಬಿಡಿಭಾಗ ಅಳೆಯೋದು, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ 'ರಿಜೆಕ್ಟ್' ಅಂತ ಪಕ್ಕಕ್ಕಿಡೋದು, ಇದೇ ಅವರ ಕೆಲಸ. ರಿಟೈರಾದ ಮೇಲೆ ಅಳೆಯೋಕೆ ವಿಮಾನ ಸಿಗಲಿಲ್ಲ, ಅಡುಗೆಮನೆ ಸಿಕ್ಕಿತು. "ಈ ದೋಸೆ ಒಂದು ಕಡೆ ದಪ್ಪ ಇದೆ ನೋಡು." "ಮೆಂತ್ಯ ಅಷ್ಟು ಕಮ್ಮಿ ಬಳಸ್ತೀರಿ, ಅದಕ್ಕೆ ಇಷ್ಟು ದೊಡ್ಡ ಡಬ್ಬ ಯಾಕೆ?" ನಮ್ಮತ್ತೆ ಹಲ್ಲು ಕಚ್ಚಿಕೊಂಡು ಸಹಿಸಿದರು. ಒಂದು ದಿನ ನನ್ನ ಹತ್ತಿರ ಬಂದು ಪಿಸುಗುಟ್ಟಿದರು: "ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೆಲಸ ಮಾಡ್ತೀಯಲ್ಲಮ್ಮ, ನಿಮ್ಮಲ್ಲಿ ಇವರಿಗೇನಾದ್ರೂ ಕೆಲಸ ಇದ್ಯಾ? ಸಂಬಳ ಬೇಡ."

ಅದು ಆಗಲಿಲ್ಲ. ಅಷ್ಟರಲ್ಲಿ ಮಾವನೇ ಒಂದು ಸಂಜೆ ಘೋಷಣೆ ಮಾಡಿದರು: "ಹಿತ್ತಲಲ್ಲಿ ಶಟಲ್ ಕೋರ್ಟ್ ಹಾಕಿಸ್ತೀನಿ. ಕಾರ್ಖಾನೇಲಿ ದಿನಾ ಸಂಜೆ ಆಡ್ತಿದ್ದೆ. ಈಗ ಆಟ ಇಲ್ದೆ ಮೈಯೆಲ್ಲಾ ಜಡ ಹಿಡಿದುಬಿಟ್ಟಿದೆ."

ಅತ್ತೆ ಕೈಯಲ್ಲಿದ್ದ ಸೌಟು ಕೆಳಗಿಟ್ಟರು. ಆ ಹಿತ್ತಲಿಗಾಗಿ ಅವರೂ ಎಷ್ಟೋ ವರ್ಷದಿಂದ ಕಾಯುತ್ತಿದ್ದರು. ಮೂಲೆಯಲ್ಲಿ ಹೀರೇಕಾಯಿ ಚಪ್ಪರ, ಪಕ್ಕದಲ್ಲಿ ದಂಟಿನ ಸೊಪ್ಪು, ಬೇಲಿಗೆ ಅವರೆ, ಎಲ್ಲಾ ಅವರ ಮನಸ್ಸಿನಲ್ಲಿ ಆಗಲೇ ಕಾಯಿ ಬಿಟ್ಟಿತ್ತು. ಮಾವನ ಹಳೇ ಸಾಮಾನು ಅಲ್ಲಿಂದ ಖಾಲಿಯಾಗಲಿ ಅಂತ ತಡೆದಿದ್ದರು ಅಷ್ಟೇ.

"ನೋಡಿ," ಅಂದರು ಅತ್ತೆ, "ನೀವು ಶುರು ಮಾಡಿದ್ದು ಯಾವುದೂ ಮುಗಿದಿಲ್ಲ. ರೇಡಿಯೋ ಬಿಚ್ಚಿದ್ರಿ, ಇನ್ನೂ ತಟ್ಟೇಲೇ ಇದೆ. ಗೇಟಿಗೆ ಬಣ್ಣ ಹೊಡೆದ್ರಿ, ಅರ್ಧ ಹಸಿರು, ಅರ್ಧ ತುಕ್ಕು. ಆಯ್ತು, ಕೋರ್ಟ್ ಹಾಕ್ಸಿ. ಆದ್ರೆ ಯುಗಾದಿ ಹಬ್ಬದೊಳಗೆ ಅದರಲ್ಲಿ ಒಂದು ಆಟ, ಒಂದೇ ಒಂದು, ಮೊದಲಿಂದ ಕೊನೇವರೆಗೂ ಆಡಿ ಮುಗಿಸ್ಬೇಕು. ಅರ್ಧಕ್ಕೆ ನಿಂತಿದ್ದು ಲೆಕ್ಕಕ್ಕಿಲ್ಲ. ಮುಗಿಸಿದ್ರೆ ಹಿತ್ತಲು ನಿಮ್ದು. ಇಲ್ಲಾಂದ್ರೆ ಹಬ್ಬದ ಮಾರನೇ ದಿನ ಹೀರೇ ಬೀಜ ಹಾಕ್ತೀನಿ."

ಮಾವನಿಗೆ ರೋಷ ಬಂತು. "ಜೀವಮಾನದಲ್ಲಿ ನಾನು ಏನೂ ಪೂರ್ತಿ ಮಾಡಿಲ್ವಾ? ಮದುವೆ ಆಗ್ಲಿಲ್ವಾ?"

"ಅದನ್ನ ಪೂರ್ತಿ ಮಾಡಿದ್ದು ನಮ್ಮಪ್ಪ," ಅಂದು ಅತ್ತೆ ಒಳಗೆ ಹೋದರು.

ಈ ಕಲ್ಲು ಯಾವಾಗ ಬಂತು?

ಮಾವ ಗ್ರಾಫ್ ಹಾಳೆ ಮೇಲೆ ಹಿತ್ತಲಿನ ನಕ್ಷೆ ಬರೆದರು. ಕರಿಬೇವಿನ ಗಿಡ ಬಂತು, ಬಾವಿ ಕಟ್ಟೆ ಬಂತು, ಕಾಂಪೌಂಡಿನ ಗೋಡೆ ಸ್ವಲ್ಪ ವಾಲಿರೋದೂ ಬಂತು. ನನ್ನ ಗಂಡನನ್ನು ಟೇಪಿನ ಆ ತುದಿಗೆ ನಿಲ್ಲಿಸಿ, "ಉಸಿರು ಬಿಡಬೇಡ, ಟೇಪು ಅಲ್ಲಾಡುತ್ತೆ" ಅಂತ ಗದರಿದರು. ಅಳತೆ ಹೇಳಿ ಮಾಡಿಸಿದ ಹಾಗೆ ಕೂತಿತು. ಮಾವನ ಮುಖದಲ್ಲಿ ಅಂಥಾ ಕಳೆಯನ್ನು ನಾನು ಮೊದಲ ಸಲ ನೋಡಿದೆ.

ಹಲಸೂರಿಂದ ಮೇಸ್ತ್ರಿ ಬಂದ. ಅರ್ಧ ತಮಿಳು, ಅರ್ಧ ಕನ್ನಡ, ಬಾಯಿ ತುಂಬ ಎಲೆಅಡಿಕೆ. ನಕ್ಷೆ ನೋಡಿ ಹಗ್ಗ ಹಿಡಿದ. ಮೂಲೆಗೆ ಬಂದವನು ನಿಂತುಬಿಟ್ಟ.

"ಸಾರ್, ಇಂದ ಕಲ್ಲು?"

"ಯಾವ ಕಲ್ಲು?"

"ಇದು ಸಾರ್. ತುಣಿ, ಬಟ್ಟೆ ಒಗೆಯೋ ಕಲ್ಲು. ಪ್ಲಾನಲ್ಲಿ ಇಲ್ಲ."

ಮಾವ ಹೋಗಿ ನೋಡಿದರು. ಮೊಣಕಾಲೆತ್ತರದ ದೊಡ್ಡ ಕಲ್ಲು, ಒಗೆದೂ ಒಗೆದೂ ಮೇಲೆಲ್ಲಾ ನುಣುಪಾಗಿದ್ದ ಕಲ್ಲು. ಅದರ ಸುತ್ತ ಒಂದು ಸುತ್ತು ಬಂದು ನಿಜವಾಗಲೂ ಆಶ್ಚರ್ಯಪಟ್ಟು ಕೇಳಿದರು: "ಈ ಕಲ್ಲು ಇಲ್ಲಿಗೆ ಯಾವಾಗ ಬಂತು?"

ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತು. ನಾನು ಮೆಲ್ಲಗೆ ಬಾಗಿಲ ಹಿಂದೆ ಸರಿದೆ. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದರು.

"ಯಾವಾಗ ಬಂತಾ? ಈ ಮನೆ ಗೃಹಪ್ರವೇಶಕ್ಕೆ ಮುಂಚೆ ಬಂತು. ಹಲಸೂರಿನ ವಠಾರದಲ್ಲಿ ಇದ್ದದ್ದು ಒಂದೇ ಕಲ್ಲು. ನಿಮ್ಮ ಪ್ಯಾಂಟು ಬನೀನು ಒಗೆಯೋಕೆ ಬೆಳಗಿನ ಜಾವಕ್ಕೆ ಎದ್ದು ಕ್ಯೂ ನಿಲ್ತಿದ್ದೆ. ಹೊಸ ಮನೇಲಿ ನನಗೇನೂ ಬೇಡ, ನನ್ನದೇ ಒಂದು ಒಗೆಯೋ ಕಲ್ಲು ಬೇಕು ಅಂತ ಕೇಳಿದ್ದೆ. ಹೂಂ ಅಂದೋರು ನೀವೇ. ಅವತ್ತಿಂದ ನಿಮ್ಮ ಬಟ್ಟೆ ಎಲ್ಲಾ ಇದರ ಮೇಲೇ ಬಿಳಿಯಾಗಿರೋದು."

ವಿಮಾನದ ಮೇಲೆ ಕೂದಲೆಳೆ ಕಂಡುಹಿಡಿಯುತ್ತಿದ್ದ ಮನುಷ್ಯ ನಕ್ಷೆ ತಿರುಗಿಸಿ ತಿರುಗಿಸಿ ನೋಡಿದರು. ಪಾಪ, ಅವರು ಬೇಕು ಅಂತ ಮಾಡಿದ್ದಲ್ಲ. ಅವರಿಗೆ ಬಟ್ಟೆ ಕಾಣಿಸುತ್ತಿದ್ದದ್ದು ಇಸ್ತ್ರಿಯಾಗಿ ಮಂಚದ ಮೇಲೆ ಬಂದಾಗ ಮಾತ್ರ.

"ಸ್ವಲ್ಪ ಪಕ್ಕಕ್ಕೆ ಸರಿಸಿದ್ರೆ..." ಅಂತ ಮೇಸ್ತ್ರಿ ಬಾಯಿ ಹಾಕಿದ. ಅತ್ತೆ ಅವನ ಕಡೆ ಒಂದು ಸಲ ನೋಡಿದರು. ಅವನು ಎಲೆಅಡಿಕೆ ನುಂಗಿಬಿಟ್ಟ.

ಕೊನೆಗೆ ಮೇಸ್ತ್ರಿಯೇ ದಾರಿ ತೋರಿಸಿದ. ಕಲ್ಲು ಇರೋ ಜಾಗದಲ್ಲೇ ಇರಲಿ, ಕೋರ್ಟಿನ ಗೆರೆ ಅದರ ಮೇಲೇ ಹತ್ತಿ ಇಳಿದು ಹೋಗಲಿ. ಗುರುತಿಗೆ ಎಳೆದ ಸುಣ್ಣದ ಗೆರೆ ನೆಲದ ಮೇಲೆ ಬಂದು, ಕಲ್ಲು ಹತ್ತಿ, ಆ ಕಡೆ ಇಳಿದು ಮುಂದೆ ಹೋಯಿತು. ಅರ್ಧ ಕಲ್ಲು ಕೋರ್ಟಿನ ಒಳಗೆ, ಅರ್ಧ ಹೊರಗೆ. ಅತ್ತೆ ಬಂದು ಪರೀಕ್ಷೆ ಮಾಡಿ ಹೇಳಿದರು: "ಒಗೆಯೋವಾಗ ಆ ಅರ್ಧ ನಿಮ್ದು ಅಂತ ಬಾಡಿಗೆ ಕೇಳ್ಬೇಡಿ ಮತ್ತೆ."

ಸಗಣಿ ಸಾರಿಸಿದ್ದು

ಕೆಂಪು ಮಣ್ಣು ಹಾಕಿ, ನೀರು ಚಿಮುಕಿಸಿ, ರೋಲರ್ ಎಳೆದಿದ್ದಾಯಿತು. ಮೇಲಿನ ಧೂಳು ಏಳಬಾರದು ಅಂದರೆ ಸಗಣಿ ಸಾರಿಸಬೇಕು ಅಂದ ಮೇಸ್ತ್ರಿ. ಆಗ ಹಲಸೂರಿನಲ್ಲಿ ಹಾಲಿನವರ ಹಸುಗಳಿಗೇನು ಬರ? ಬಕೆಟ್‌ಗಟ್ಟಲೆ ಸಗಣಿ ಬಂತು. ಸಂಜೆ ಹೊತ್ತಿಗೆ ಇಡೀ ಕೋರ್ಟು ಹಬ್ಬದ ಅಂಗಳದ ಹಾಗೆ ನುಣ್ಣಗೆ, ಹಸಿರಾಗಿ ಕೂತಿತ್ತು. ಮಾವ ಅದನ್ನು ನೋಡುತ್ತಾ ಎರಡು ಲೋಟ ಕಾಫಿ ಕುಡಿದರು. "ನಾಳೆ ಬೆಳಿಗ್ಗೆ ಆಟ. ಮಧ್ಯಾಹ್ನದೊಳಗೆ ನಿಮ್ಮತ್ತೆ ಶರತ್ತು ಮುಗೀತು," ಅಂತ ನನಗೆ ಹೇಳಿ ಮಲಗಿದರು.

ಬೆಳಿಗ್ಗೆ ಬಿಳಿ ಚಡ್ಡಿ, ಬಿಳಿ ಬೂಟು ಹಾಕಿಕೊಂಡು ಬ್ಯಾಟ್ ತಿರುಗಿಸುತ್ತಾ ಹಿತ್ತಲಿಗೆ ಹೋದವರು ಅಲ್ಲೇ ಬೊಂಬೆ ಆಗಿಬಿಟ್ಟರು. ಕೋರ್ಟಿನ ನಟ್ಟನಡುವೆ ದೊಡ್ಡ ರಂಗೋಲಿ. ಒಂದು ಕಡೆ ಹಳೇ ಪಂಚೆ ಹಾಸಿ ಅಕ್ಕಿ ಸಂಡಿಗೆ, ಇನ್ನೊಂದು ಕಡೆ ಹಪ್ಪಳ, ಮೂಲೆಯಲ್ಲಿ ಕೆಂಪು ಮೆಣಸಿನಕಾಯಿ. ಬೀದಿಯ ಹೆಂಗಸರೆಲ್ಲಾ ಅಲ್ಲೇ ಇದ್ದರು.

ಎದುರುಮನೆ ಹೆಂಗಸು ಮಾವನನ್ನು ನೋಡಿ ಕೈ ಮುಗಿದರು. "ಎಷ್ಟು ಚೆನ್ನಾಗಿ ಸಾರಿಸಿದ್ದೀರಿ ಸಾರ್! ಈಗ ಎಲ್ಲಾ ಕಡೆ ಸಿಮೆಂಟು. ಸಂಡಿಗೆ ಇಡೋಕೆ ಇಂಥಾ ನೆಲ ಎಲ್ಲಿ ಸಿಗುತ್ತೆ? ನಮ್ಮೆಲ್ಲರಿಗಾಗಿ ಇಷ್ಟು ಮಾಡ್ಸಿದ್ದೀರಲ್ಲಾ, ನಿಮ್ಮ ಹೊಟ್ಟೆ ತಣ್ಣಗಿರ್ಲಿ."

ನಮ್ಮ ಕಡೆ ಸಾರಿಸಿದ ನೆಲ ಕಂಡ ಮೇಲೆ ರಂಗೋಲಿ ಹಾಕದೆ ಇರೋಕೆ ಯಾರಿಗೆ ಮನಸ್ಸಾಗುತ್ತೆ? ಅದೂ ಬೇಸಿಗೆ ಶುರು, ಸಂಡಿಗೆ ಕಾಲ. ಅತ್ತೆ ಮಾತ್ರ "ನಾನು ಯಾರನ್ನೂ ಕರೀಲಿಲ್ಲಪ್ಪಾ" ಅನ್ನುತ್ತಾ, ಕರೆದ ಮುಖದಲ್ಲೇ ನಗುತ್ತಿದ್ದರು.

ಮನೆಗೆ ಬಂದ ಹೆಂಗಸರನ್ನು ಎದ್ದು ಹೋಗಿ ಅನ್ನೋ ಜನ ಅಲ್ಲ ನಮ್ಮ ಮಾವ. ಒಬ್ಬರ ಸಂಡಿಗೆ ಒಣಗಿದರೆ ಇನ್ನೊಬ್ಬರು ಬರುತ್ತಿದ್ದರು. ಸಾಲದ್ದಕ್ಕೆ ಕಾಗೆ ಕಾಟ. ಎಲ್ಲರೂ ಮನೆಗೆ ಹೋಗುವಾಗ "ಸ್ವಲ್ಪ ನೋಡ್ಕೊಳಿ ಸಾರ್" ಅಂತ ಹೇಳಿಯೇ ಹೋಗುತ್ತಿದ್ದರು. ಮಾವ ಬಿಳಿ ಚಡ್ಡಿಯಲ್ಲೇ ಬಾವಿ ಕಟ್ಟೆ ಮೇಲೆ ಕೂತು, ಬ್ಯಾಟ್ ಬೀಸಿ ಕಾಗೆ ಓಡಿಸುತ್ತಿದ್ದರು. ಬೀದಿಯವರ ಸಂಡಿಗೆ ಎಲ್ಲಾ ಮುಗಿಯೋ ಹೊತ್ತಿಗೆ ಅವರ ಫೋರ್‌ಹ್ಯಾಂಡ್ ಬಹಳ ಸುಧಾರಿಸಿತ್ತು.

ಶಿವಾಜಿನಗರದ ನೆಟ್

ಆಟಕ್ಕೆ ಜೊತೆ ಬೇಕಲ್ಲಾ? ಪಕ್ಕದ ಮನೆ ಸಾಹೇಬರು ಸಿಕ್ಕಿದರು. ಶಿವಾಜಿನಗರದಲ್ಲಿ ಬಟ್ಟೆ ವ್ಯಾಪಾರ. ದಪ್ಪ ದೇಹ, ಅದಕ್ಕಿಂತ ದೊಡ್ಡ ನಗು. ನನ್ನ ಗಂಡನಿಗೆ ಶಿಫ್ಟ್ ಕೆಲಸ, ನನಗೆ ಎಕ್ಸ್‌ಚೇಂಜು, ಮಾವನ ವಯಸ್ಸಿನವರು ಅಂತ ಇದ್ದವರು ಸಾಹೇಬರೊಬ್ಬರೇ. "ಚಿಕ್ಕೋನಿದ್ದಾಗ ಬಹಳ ಆಡ್ತಿದ್ದೆ ಸಾಬ್. ಈಗ ಹೊಟ್ಟೆ ಮೊದಲು ಹೋಗುತ್ತೆ, ನಾನು ಹಿಂದೆ," ಅಂದರು.

ಇಬ್ಬರೂ ಸ್ಕೂಟರಿನಲ್ಲಿ ಶಿವಾಜಿನಗರಕ್ಕೆ ನೆಟ್ ತರಲು ಹೋದರು. ಆಟದ ಸಾಮಾನಿನ ಅಂಗಡಿಯಲ್ಲಿ ನೆಟ್ ತೋರಿಸಿದರೆ ಮಾವ ಜೇಬಿನಿಂದ ತಮ್ಮ ಹಳೇ ಕಾರ್ಖಾನೆ ಅಳತೆ ಉಪಕರಣ ತೆಗೆದು ದಾರದ ದಪ್ಪ ಅಳೆದರು. ರಿಜೆಕ್ಟ್. ಪಕ್ಕದ ಅಂಗಡಿ. ರಿಜೆಕ್ಟ್. ಸಾಹೇಬರಿಗೆ ಸಾಕಾಗಿ ಹೋಯಿತು. "ನಕ್ಕೋ ಸಾಬ್, ಇದೆಲ್ಲಾ ಬೇಡ, ಬನ್ನಿ, ಒಬ್ಬರು ಪರಿಚಯದವರಿದ್ದಾರೆ. ಅವರ ಹತ್ತಿರ ಎಂಥಾ ನೆಟ್ ಇದೆ ಅಂದ್ರೆ, ಆನೆ ಬಿದ್ರೂ ಹರಿಯಲ್ಲ."

ಆ ನೆಟ್ ಅಳತೆಯಲ್ಲಿ ಪಾಸಾಯಿತು. ದಾರ ಗಟ್ಟಿ, ಕಣ್ಣುಗಳೆಲ್ಲಾ ಒಂದೇ ಸಮ. ಮಾವ ಅದನ್ನು ಹೆಗಲಮೇಲೆ ಹೊತ್ತು ತಂದು ಕಂಬಕ್ಕೆ ಕಟ್ಟಿದರು. ಗಾಳಿ ಬೀಸಿದ ಕೂಡಲೇ ಏಕಾದಶಿ ಮಾಡೋ ನಮ್ಮತ್ತೆ ಮೂಗಿಗೆ ಸೆರಗು ಹಿಡಿದು ಓಡಿ ಬಂದರು. "ಏನ್ರೀ ಇದು ವಾಸನೆ?"

ಸಾಹೇಬರು ಕಿವಿ ಹಿಡಿದುಕೊಂಡರು. "ಭಾಭಿ, ನೆಟ್ ಹೊಸದಲ್ಲ. ಸ್ವಲ್ಪ ದಿನ ಮೀನು ಹಿಡೀತಾ ಇತ್ತು."

ಸೋಪಿನ ನೀರಿನಲ್ಲಿ ನೆನೆಸಿದೆವು, ಅರಿಶಿನದ ನೀರಿನಲ್ಲಿ ಅದ್ದಿದೆವು. ಮನುಷ್ಯರಿಗೆ ವಾಸನೆ ಹೋಯಿತು, ಬೆಕ್ಕುಗಳಿಗೆ ಹೋಗಲಿಲ್ಲ. ಆಟ ಶುರುವಾಗುತ್ತಿದ್ದ ಹಾಗೆ ಬೀದಿಯ ಬೆಕ್ಕುಗಳೆಲ್ಲಾ ಕಾಂಪೌಂಡಿನ ಮೇಲೆ ಸಾಲಾಗಿ ಬಂದು ಕೂತವು. ಮೀನಿನ ವಾಸನೆ ಬರೋ ಬಲೆ, ಅದರ ಮೇಲೆ ಹಾರಾಡೋ ಗರಿ. ಪಾಪ, ಅವಾದರೂ ಎಷ್ಟು ತಡಕೊಳ್ಳುತ್ತವೆ? ಸಾಹೇಬರು ಎತ್ತರಕ್ಕೆ ಹೊಡೆದ ಶಟಲ್ ಕೆಳಗೆ ಬರಲೇ ಇಲ್ಲ. ಒಂದು ಕಪ್ಪು ಬೆಕ್ಕು ಗಾಳಿಯಲ್ಲೇ ಹಿಡಿದು ಸಜ್ಜೆ ಹತ್ತಿತು. ಎರಡನೇದನ್ನು ಅದರ ಮರಿ ತಗೊಂಡು ಹೋಯಿತು. ಡಬ್ಬ ಖಾಲಿ, ಆಟ ಅರ್ಧಕ್ಕೆ ನಿಂತಿತು.

ಅತ್ತೆ ಅವತ್ತು ಸಂಜೆ ಹೀರೇ ಬೀಜ ನೀರಿಗೆ ಹಾಕಿಡಲಾ ಅಂತ ವಿಚಾರಿಸಿದರು. ನನ್ನ ಗಂಡ, "ಅಲ್ಲಪ್ಪಾ, ಅಷ್ಟೆಲ್ಲಾ ಅಳೆದ್ಯಲ್ಲಾ, ವಾಸನೆ ಬರ್ಲಿಲ್ವಾ?" ಅಂದ. ಮಾವ ಬಹಳ ಗಂಭೀರವಾಗಿ ಹೇಳಿದರು: "ವಾಸನೆ ನಮ್ಮ ಡಿಪಾರ್ಟ್‌ಮೆಂಟ್ ಅಲ್ಲ."

ಗೆರೆ ಎಲ್ಲಿ?

ಹೀಗೇ ಯುಗಾದಿ ಬಂದುಬಿಟ್ಟಿತು. ಹಿಂದಿನ ದಿನ ಅಮಾವಾಸ್ಯೆ. ಮಾವ ಹೊಸ ನೆಟ್ ತಂದು, ಅಳೆಯದೆ ಕಟ್ಟಿದರು. ಅದರಲ್ಲೇ ಗೊತ್ತಾಗುತ್ತಿತ್ತು ಅವರಿಗೆ ಎಷ್ಟು ಭಯ ಆಗಿದೆ ಅಂತ. ಸಂಜೆ ಹತ್ತಿರ ಸುಣ್ಣ ಕಲಸಿ ಗೆರೆಗಳನ್ನೆಲ್ಲಾ ಹೊಸದಾಗಿ ಎಳೆದರು. ಕಲ್ಲಿನ ಮೇಲೂ ದಪ್ಪಗೆ ಎಳೆದರು.

ಸಾಹೇಬರು ಅಂಗಡಿ ಬಿಟ್ಟು ಬರೋದೇ ತಡವಾಯಿತು. "ಹೊತ್ತು ಮುಳುಗಿದ ಕೂಡ್ಲೇ ಮಗ್ರಿಬ್ ನಮಾಜಿಗೆ ಹೋಗ್ಬೇಕು ಸಾಬ್. ಅಜಾನ್ ಆದ್ರೆ ನಾನು ಬ್ಯಾಟ್ ಇಟ್ಟೆ," ಅಂದರು. ಹಿತ್ತಲಲ್ಲಿ ದೀಪ ಇಲ್ಲ, ಆಕಾಶದಲ್ಲಿ ಚಂದ್ರ ಇಲ್ಲ. ಅಜಾನ್ ಒಳಗೆ ಆಟ ಮುಗಿಯಬೇಕು, ಇಲ್ಲವಾದರೆ ಹೀರೇಕಾಯಿ.

ಅಂಪೈರ್ ಯಾರು? ನನ್ನ ಗಂಡ ಮಗ, ಆಗಲ್ಲ. ನಾನು ಸೊಸೆ, ಆಗಲ್ಲ. ಸಾಹೇಬರೇ ಹೇಳಿದರು: "ಭಾಭಿ ಆಗ್ಲಿ. ಅವರು ಯಾರ ಮುಖಾನೂ ನೋಡಲ್ಲ." ಅತ್ತೆ ಮೊರದಲ್ಲಿ ಮಾರನೇ ದಿನದ ಬೇವಿನ ಹೂವು ಬಿಡಿಸಿಕೊಳ್ಳುತ್ತಾ ತಮ್ಮ ಕಲ್ಲಿನ ಮೇಲೆ ಹೋಗಿ ಕೂತರು. ಅದು ಸಾಹೇಬರ ಕಡೆಯ ಹಿಂದಿನ ಮೂಲೆ. ಹದಿನೈದು ಪಾಯಿಂಟು ಯಾರು ಮೊದಲು ಮಾಡ್ತಾರೋ ಅವರದ್ದು ಆಟ.

ಏನಾಡಿದರು ಅಂತೀರಿ! ಸಾಹೇಬರು ನಿಂತಲ್ಲೇ ನಿಂತು ಕೈ ಬೀಸುತ್ತಿದ್ದರು, ಮಾವ ಕೋರ್ಟ್ ತುಂಬ ಓಡಾಡಿ ಏದುಸಿರು ಬಿಡುತ್ತಿದ್ದರು. ಮಧ್ಯೆ ಇಬ್ಬರೂ ನೀರಿಗೆ ನಿಂತರೆ ಅತ್ತೆ "ಟೈಮಾಗ್ತಿದೆ" ಅಂತ ಗದರೋರು. ಯಾಕೆ ಗದರಿದರೋ! ತಡವಾದರೆ ಲಾಭ ಅವರಿಗೇ ತಾನೇ? ಅವತ್ತು ನನಗೆ ಅದು ಹೊಳೆಯಲಿಲ್ಲ.

ಮಾವನದು ಹದಿನಾಲ್ಕಾಯಿತು. ಒಂದೇ ಪಾಯಿಂಟು ಬಾಕಿ. ಹೊತ್ತು ಮುಳುಗುತ್ತಿತ್ತು. ಮಾವ ಕಣ್ಣು ಕಿರಿದು ಮಾಡಿ ಸರ್ವಿಸ್ ಹೊಡೆದರು, ಸಾಹೇಬರು ತಿರುಗಿ ಹೊಡೆದರು, ಮಾವ ಎಗರಿ ಮೇಲಕ್ಕೆ ಎತ್ತಿದರು. ಶಟಲ್ ಸಾಹೇಬರ ತಲೆ ಮೇಲೆ ಹೋಗಿ, ತಿರುಗುತ್ತಾ ತಿರುಗುತ್ತಾ ಇಳಿದು, ಕಲ್ಲಿನ ಮೇಲೆ ಕೂತಿದ್ದ ಅತ್ತೆ ಮಡಿಲಿಗೆ ಬಿತ್ತು.

"ಒಳಗೆ!" ಅಂತ ಕೂಗಿದರು ಮಾವ.

"ಹೊರಗೆ ಸಾಬ್, ಹೊರಗೆ!" ಅಂದರು ಸಾಹೇಬರು.

"ಗೆರೆ ನೋಡಿ! ಶಟಲ್ ಗೆರೆ ಈ ಕಡೆನಾ ಆ ಕಡೆನಾ? ಗೆರೆ ನಿನ್ನ ಕೆಳಗೇ ಇದೆ, ಸ್ವಲ್ಪ ಏಳೇ!"

ಅತ್ತೆ ಮಡಿಲಲ್ಲಿದ್ದ ಶಟಲ್ ಹಿಡಿದುಕೊಂಡೇ ಎದ್ದರು. ನಾವೆಲ್ಲಾ ಬಗ್ಗಿ ನೋಡಿದೆವು. ಕಲ್ಲಿನ ಮೇಲೆ ಗೆರೆ ಇರಲಿಲ್ಲ. ಸುಣ್ಣ ಒಣಗೋಕೆ ಮುಂಚೆಯೇ ಮಾಯವಾಗಿತ್ತು.

"ಗೆರೆ ಎಲ್ಲಿ?" ಅಂದರು ಮಾವ ಗಾಬರಿಯಿಂದ.

ಸಾಹೇಬರಿಗೆ ಮೊದಲು ಗೊತ್ತಾಯಿತು. ಮರ್ಯಾದಸ್ಥ ಮನುಷ್ಯ, ತಟ್ಟನೆ ಗೋಡೆ ಕಡೆ ತಿರುಗಿ ನಿಂತರು. ಅವರ ಭುಜ ಮಾತ್ರ ಕುಣಿಯುತ್ತಿತ್ತು. ನಾನು ಅತ್ತೆ ಕಿವಿಯಲ್ಲಿ ಹೇಳಿದೆ: "ಅತ್ತೆ, ಗೆರೆ ನಿಮ್ಮ ಸೀರೇಲಿದೆ. ಹಿಂದೆ."

ಅತ್ತೆ ಕತ್ತು ತಿರುಗಿಸಿ ನೋಡಿಕೊಂಡರು. ಮೆರೂನ್ ಸೀರೆ ಮೇಲೆ ಎಳೆದ ಹಾಗೆ ನೇರವಾದ ಬಿಳಿ ಗೆರೆ. ನನ್ನ ಗಂಡ ನಗು ತಡೆಯಲಾಗದೆ ಬಾವಿ ಕಟ್ಟೆ ಮೇಲೆ ಕೂತುಬಿಟ್ಟ. ನಾನೂ ನಕ್ಕೆ. ಮಾವ ಒಬ್ಬರು ನಗಲಿಲ್ಲ. ಬ್ಯಾಟ್ ಹಿಡಿದು, ಬೆವರು ಸುರಿಸುತ್ತಾ, ಅತ್ತೆ ಬಾಯಿಂದ ಏನು ಬರುತ್ತೋ ಅಂತ ನೋಡುತ್ತಾ ನಿಂತಿದ್ದರು. ಹೊರಗೆ ಅಂದರೆ ಆಟ ಮುಂದುವರೀಬೇಕು, ಮುಂದುವರೀಲಿಕ್ಕೆ ಹೊತ್ತಿಲ್ಲ. ಕೋರ್ಟ್ ಹೋಯಿತು ಅಂತಲೇ ಅರ್ಥ.

ಅತ್ತೆ ಒಂದು ಸಲ ಹೀರೇ ಚಪ್ಪರ ಬರಬೇಕಿದ್ದ ಮೂಲೆ ನೋಡಿದರು. ಒಂದು ಸಲ ಮಾವನನ್ನು ನೋಡಿದರು.

"ಒಳಗೆ," ಅಂದರು.

"ಭಾಭಿ, ಗೆರೆನೇ ಇಲ್ಲ, ಹೆಂಗೆ ಹೇಳ್ತೀರಿ?" ಅಂದರು ಸಾಹೇಬರು ಗೋಡೆ ಕಡೆ ಮುಖ ಮಾಡಿಕೊಂಡೇ.

"ನನ್ನ ಮಡಿಲಿಗೆ ಬಿದ್ದಿದ್ದನ್ನ ನಾನು ಯಾವತ್ತು ಹೊರಗೆ ಅಂದಿದ್ದೀನಿ ಸಾಹೇಬ್ರೇ?" ಅಂದರು ಅತ್ತೆ. ಅನ್ನುವಾಗ ನನ್ನ ಕಡೆಯೂ ನೋಡಿದರು. ಬೇರೆ ಮನೆಯಿಂದ ಬಂದ ಹುಡುಗಿ ನಾನು. ಅವತ್ತಿಂದ ಆ ಹೆಂಗಸು ನನಗೆ ಅಮ್ಮನೇ ಆದರು.

ಅಷ್ಟರಲ್ಲಿ ಮಸೀದಿಯಿಂದ ಅಜಾನ್ ಕೇಳಿಸಿತು. ಸಾಹೇಬರು ಬ್ಯಾಟ್ ಕಂಕುಳಲ್ಲಿಟ್ಟುಕೊಂಡು ಮಾವನ ಕೈ ಕುಲುಕಿ ಹೊರಟರು. ಮಾವ ಹಿತ್ತಲು ತುಂಬ ಚಿಕ್ಕ ಮಕ್ಕಳ ಹಾಗೆ ಕುಣಿದರು.

ಯುಗಾದಿ ಬೆಳಿಗ್ಗೆ. ಎಣ್ಣೆಸ್ನಾನ ಆಗಿ, ಬೇವು ಬೆಲ್ಲ ಆದ ಮೇಲೆ ಅತ್ತೆ ಆ ಮೆರೂನ್ ಸೀರೆ ತಂದು ಮಾವನ ಮುಂದೆ ಇಟ್ಟರು.

"ಗೆರೆ ಎಳೆದೋರು ಯಾರು?"

"ನಾನೇ," ಅಂದರು ಮಾವ ಹೆಮ್ಮೆಯಿಂದ.

"ತಗೊಳಿ ಸೋಪು."

ಆ ಕಲ್ಲು ಬಂದು ಅಷ್ಟು ವರ್ಷವಾದ ಮೇಲೆ ಮಾವ ಅದರ ಮುಂದೆ ಮೊದಲ ಸಲ ಬಗ್ಗಿ ನಿಂತರು. ಹೊಸ ಪಂಚೆ ಎತ್ತಿ ಕಟ್ಟಿ, ಸೀರೆಗೆ ಸೋಪು ಹಚ್ಚಿ, "ಇದನ್ನ ಕಲ್ಲಿನ ಯಾವ ತುದಿಯಿಂದ ಶುರು ಮಾಡ್ಬೇಕಮ್ಮ?" ಅಂತ ನನ್ನನ್ನು ಕೇಳಿದರು. ನಾನು ತೋರಿಸಿಕೊಟ್ಟೆ. ಹಬ್ಬದ ಶುಭಾಶಯ ಹೇಳೋಕೆ ಸಾಹೇಬರು ಕಾಂಪೌಂಡಿನ ಮೇಲಿಂದ ತಲೆ ಹಾಕಿದರು. ಕೋರ್ಟಿನ ಮೂಲೆಯಲ್ಲಿ ದಬದಬ ಸೀರೆ ಒಗೆಯುತ್ತಿದ್ದ ಮಾವನನ್ನು ನೋಡಿ ಗೋಡೆ ಮೇಲೆ ಮೊಣಕೈ ಊರಿ ನಿಂತರು.

ಆಮೇಲೆ ಕೇಳಿದರು: "ಕ್ಯಾ ಸಾಬ್, ನಿನ್ನೆ ಗೆದ್ದಿದ್ದು ನೀವು ತಾನೇ?"

"ನಾನೇ ಸಾಹೇಬ್ರೇ," ಅಂದರು ಮಾವ ಹಣೆ ಒರೆಸಿಕೊಂಡು.

"ಹಾಗಾದ್ರೆ ಮುಂದಿಂದೂ ಎಲ್ಲಾ ನೀವೇ ಗೆದ್ಕೊಳಿ," ಅಂದು ಸಾಹೇಬರು ತಲೆ ಇಳಿಸಿದರು.